ಬಿಲ್ಲೆಯ ಮೇಲೆ ರ್ಯಾಲಿ, ಪೈಪಿನೊಳಗೆ ಬೇರೆ ಕಥೆ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮನೆಯಿಂದ ಈ ಸೈಕಲ್ ನನಗೆ ಸಿಕ್ಕಿತು. ಅದರ ಜೊತೆಗೆ ಮೂರು ಮಾತೂ ಬಂದವು. ಇದು ಇಂಗ್ಲೆಂಡಿನ ರ್ಯಾಲಿ ಕಂಪನಿಯದ್ದು. ಶರಾವತಿ ಯೋಜನೆಗೆ ಬಂದಿದ್ದ ಇಂಜಿನಿಯರೊಬ್ಬರು ಬಿಟ್ಟುಹೋದದ್ದು. ಒಲಿಂಪಿಕ್ಸಿನಲ್ಲಿ ಓಡಿದ ಸೈಕಲ್ಲು. ಮೊದಲನೆಯ ಮಾತು ಸರಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಎರಡನೆಯದು ಇದ್ದರೂ ಇರಬಹುದು. ಮೂರನೆಯದನ್ನು ಹಳೇ ರೇಸ್ ಸೈಕಲ್ ಇರುವ ಮನೆಯಲ್ಲೆಲ್ಲ ಹೇಳುತ್ತಾರೆ, ಬಿಡಿ.

ನಾನು ಅದನ್ನು ತಗೊಂಡಿದ್ದು ಈ ಮಾತುಗಳಿಗಲ್ಲ, ತೂಕಕ್ಕೆ. ಮಾಮೂಲಿ ಹಾಲಿನ ಸೈಕಲ್ ಇಪ್ಪತ್ತು ಕಿಲೋ ಆಸುಪಾಸು ಇರುತ್ತದೆ. ಇದನ್ನು ಒಂದೇ ಕೈಯಲ್ಲಿ ಎತ್ತಿದರೆ ಸಲೀಸಾಗಿ ಮೇಲೆ ಬಂತು. ಉಗುರಿನಿಂದ ಮಧ್ಯದ ಪೈಪನ್ನು ತಟ್ಟಿದರೆ ತೆಳು ತಗಡಿನ ಸದ್ದು, ಲಗ್ಗಿನ ಹತ್ತಿರ, ಅಂದರೆ ಪೈಪುಗಳು ಕೂಡುವ ಕಡೆಯ ಲೋಹದ ತೋಳಿನ ಹತ್ತಿರ, ತಟ್ಟಿದರೆ ಮಂದ ಸದ್ದು. ಪೈಪು ತುದಿಯಲ್ಲಿ ದಪ್ಪ, ನಡುವೆ ತೆಳು ಇರಬಹುದು ಅನ್ನುವ ಅನುಮಾನ ಅಲ್ಲೇ ಹುಟ್ಟಿತು.

ಸ್ಥಿತಿ ಮಾತ್ರ ಕೆಟ್ಟದಾಗಿತ್ತು. ಸೈಕಲ್ ಇದ್ದದ್ದು ಮೈಲುತುತ್ತ, ಸುಣ್ಣ, ಸ್ಪ್ರೇ ಪಂಪು ಇಡುವ ಕೋಣೆಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಕಲಸಿದವರಿಗೆ ಇದು ಹೇಳಬೇಕಾಗಿಲ್ಲ. ಸುಣ್ಣ ಸಾಕಾಗಿದೆಯಾ ಅಂತ ನೋಡಲು ದ್ರಾವಣದಲ್ಲಿ ಕತ್ತಿ ಅದ್ದುತ್ತೇವಲ್ವಾ? ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಅಂದರೆ ತಾಮ್ರ ಬಂದು ಕೂತಷ್ಟೂ ಕಬ್ಬಿಣ ಕರಗಿದೆ ಅಂತ ಅರ್ಥ. ಅಲ್ಯುಮಿನಿಯಂಗೂ ಇದೇ ಗತಿ. ಮಲೆನಾಡಿನ ಮಳೆಗಾಲದ ತೇವ, ಅದರ ಮೇಲೆ ಮೈಲುತುತ್ತದ ಪುಡಿ. ಹಿಂದಿನ ಚಕ್ರದ ಪಕ್ಕದ ಪೈಪುಗಳು ತುರಿಯುವ ಮಣೆಯ ಹಾಗೆ ಒರಟಾಗಿದ್ದವು. ಸೀಟ್ ಹೊರುವ ಕಂಬಿ, ಅಂದರೆ ಸೀಟ್ ಪೋಸ್ಟ್, ಅಲ್ಲಾಡುತ್ತಲೇ ಇರಲಿಲ್ಲ.

ಊರಲ್ಲಿ ತೋರಿಸಿದಾಗ ಬಂದ ಸಲಹೆ ಒಂದೇ. ಮರಳು ಹೊಡೆಸಿ, ಪೌಡರ್ ಕೋಟಿಂಗ್ ಮಾಡಿಸಿ, ಹೊಸದಾಗುತ್ತೆ. ಹೊಸದಾಗುತ್ತದೆ, ನಿಜ. ಆದರೆ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಹೇಳುವ ಗುರುತುಗಳೆಲ್ಲ ಪೇಂಟಿನ ಜೊತೆ ಹೋಗುತ್ತವೆ. ಪೌಡರ್ ದಪ್ಪವಾಗಿ ಕೂತರೆ ಲಗ್ಗಿನ ಚೂಪು ಅಂಚು, ಕೊರೆದ ನಂಬರು ಎಲ್ಲ ಮುಚ್ಚಿಹೋಗುತ್ತದೆ. ಹಳೇ ಸೈಕಲ್ ಸಿಕ್ಕವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಓದಿ, ಆಮೇಲೆ ತೊಳೆಯಿರಿ.

ಓದುವುದಕ್ಕೆ ಸೀಟ್ ಪೋಸ್ಟ್ ಹೊರಗೆ ಬರಲೇಬೇಕಿತ್ತು. ಸ್ಟೀಲ್ ಪೈಪಿನೊಳಗೆ ಅಲ್ಯುಮಿನಿಯಂ ಕೂತಿದ್ದರೆ, ತೇವ ಸೇರಿದಾಗ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಕಾಸ್ಟಿಕ್ ಸೋಡಾ ಸುರಿದರೆ ಅಲ್ಯುಮಿನಿಯಂ ಕರಗಿ ಸ್ಟೀಲ್ ಉಳಿಯುತ್ತದೆ. ಆದರೆ ಅದು ಪೇಂಟನ್ನೂ ತಿನ್ನುತ್ತದೆ, ಮೇಲಾಗಿ ಹೈಡ್ರೋಜನ್ ಬಿಡುತ್ತಾ ಕುದಿಯುತ್ತದೆ. ನನಗೆ ಪೇಂಟ್ ಬೇಕಿತ್ತು. ಹಾಗಾಗಿ ನಿಧಾನದ ದಾರಿ ಹಿಡಿದೆ. ಪೋಸ್ಟನ್ನು ಲಗ್ಗಿನಿಂದ ಒಂದಿಂಚು ಮೇಲೆ ಕತ್ತರಿಸಿದೆ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಇನ್ನೊಂದು ತುದಿಯನ್ನು ಪೋಸ್ಟಿನ ಟೊಳ್ಳಿನೊಳಗೆ ಇಳಿಸಿ, ಉದ್ದಕ್ಕೆ ಗೀರು ಹಾಕುತ್ತಾ ಹೋದೆ.

ಇದರಲ್ಲಿ ಇರುವ ಭಯ ಒಂದೇ: ಅಲ್ಯುಮಿನಿಯಂ ಮುಗಿದು ಬ್ಲೇಡು ಸ್ಟೀಲ್ ಪೈಪಿಗೆ ತಗುಲಿದರೆ ಫ್ರೇಮಿಗೇ ಗಾಯ. ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ಹಳೇ ಸ್ಪೀಕರಿನ ಅಯಸ್ಕಾಂತದ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ. ನಾಲ್ಕಾರು ಸಲ ಉಜ್ಜುವುದು, ಪುಡಿಯನ್ನು ಬಿಳಿ ಕಾಗದದ ಮೇಲೆ ಕೆಡವುವುದು, ಕಾಗದದ ಅಡಿಯಲ್ಲಿ ಅಯಸ್ಕಾಂತ ಆಡಿಸುವುದು. ಅಲ್ಯುಮಿನಿಯಂ ಪುಡಿ ಸುಮ್ನೆ ಬಿದ್ದಿರುತ್ತದೆ. ಅದರಲ್ಲಿ ಒಂದೆರಡು ಕಪ್ಪು ಕಣ ಎದ್ದು ನಿಂತು ಅಯಸ್ಕಾಂತದ ಹಿಂದೆ ಹರಿದಾಡಿದರೆ ಅಲ್ಲಿಗೆ ನಿಲ್ಲಿಸಬೇಕು. ಹೀಗೆ ಅಕ್ಕಪಕ್ಕ ಎರಡು ಗೀರು ಹಾಕಿ, ನಡುವಿನ ಪಟ್ಟಿಯನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿದೆ. ಬಿಗಿ ಹೋಯಿತು. ಉಳಿದದ್ದು ತಿರುಚಿದಾಗ ಬಿಳಿ ಪುಡಿ ಉದುರಿಸುತ್ತಾ ಮೇಲೆ ಬಂತು.

ಒಳಗಿನ ಅಳತೆಗೆ ಸರಿಯಾಗಿ ಕೂತದ್ದು 27.2 ಮಿಲಿಮೀಟರಿನ ಪೋಸ್ಟ್. ಇದು ದೊಡ್ಡ ಸುಳಿವು. ಪೈಪಿನ ಹೊರವ್ಯಾಸ 28.6. ಎರಡರ ವ್ಯತ್ಯಾಸ ಇಷ್ಟು ಕಡಿಮೆ ಇದೆ ಅಂದರೆ ಗೋಡೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಶರಾವತಿ ಯೋಜನೆಯ ಕಾಲದ ಇಂಗ್ಲಿಷ್ ಫ್ರೇಮಿನಲ್ಲಿ ಇಷ್ಟು ತೆಳು ಪೈಪು ಅಂದರೆ ಮೊದಲು ನೆನಪಾಗುವುದು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯ 531 ಪೈಪು. ಇಟಲಿಯ ಕೊಲಂಬಸ್ ಪೈಪೂ ತೆಳುವೇ. ಆದರೆ ಅವರ ರೇಸ್ ಪೈಪುಗಳಲ್ಲಿ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕಾಂಡದೊಳಗೆ ಬೆರಳು ಹಾಕಿದರೆ ಸುರುಳಿ ಏಣುಗಳು ಸಿಗುತ್ತವೆ. ಇದರಲ್ಲಿ ನುಣುಪು.

531 ಬಂದದ್ದು 1935ರಲ್ಲಿ. ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ ಸ್ಟೀಲು. ಮ್ಯಾಂಗನೀಸ್ ಸುಮಾರು ಶೇ. 1.5, ಮಾಲಿಬ್ಡಿನಂ ಶೇ. 0.25. ಶಿವಮೊಗ್ಗದವರು ಇದನ್ನು ಕೇಳಿ ಸ್ವಲ್ಪ ಕಿವಿ ನಿಮಿರಿಸಬೇಕು. ಸಾಗರ ರಸ್ತೆಯ ಕುಂಸಿಯಲ್ಲಿ ಹಿಂದೆ ಅಗೆಯುತ್ತಿದ್ದದ್ದು ಇದೇ ಮ್ಯಾಂಗನೀಸ್ ಅದಿರು. ಕುಂಸಿಯ ಅದಿರೇ ಬರ್ಮಿಂಗ್‌ಹ್ಯಾಮಿಗೆ ಹೋಗಿ ಸೈಕಲ್ಲಾಗಿ ವಾಪಸ್ ಬಂತು ಅಂತ ನಾನೇನೂ ಹೇಳುತ್ತಿಲ್ಲ. ಹೇಳಿದರೆ ಅದು ನಾಲ್ಕನೇ ಕಥೆಯಾಗುತ್ತದೆ. ಭದ್ರಾವತಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಫ್ರೇಮ್ ತೋರಿಸಿದ್ದೆ. ಅವರು ಬ್ರ್ಯಾಂಡ್ ಕೇಳಲೇ ಇಲ್ಲ. ಲಗ್ಗಿನ ಅಂಚಿನಲ್ಲಿ ಪೇಂಟ್ ಎದ್ದ ಕಡೆ ಕಾಣುತ್ತಿದ್ದ ಹಳದಿ ಗೆರೆಯ ಮೇಲೆ ಉಗುರು ಎಳೆದು, "ಹಿತ್ತಾಳೆ ಸುತ್ತಲೂ ಸಮ ಹರಿದಿದೆ, ಒಳ್ಳೇ ಕೈ" ಅಂದರು. ಈ ಪೈಪನ್ನು ಕರಗಿಸಿ ವೆಲ್ಡ್ ಮಾಡಬಾರದು. ಜಾಸ್ತಿ ಶಾಖಕ್ಕೆ ಅದರ ಬಲ ಹೋಗುತ್ತದೆ. ಅದಕ್ಕೇ ಲಗ್ಗಿನೊಳಗೆ ಪೈಪು ಕೂರಿಸಿ, ಹಿತ್ತಾಳೆಯನ್ನೋ ಬೆಳ್ಳಿ ಬೆರಕೆಯನ್ನೋ ಕರಗಿಸಿ ಸಂದಿಗೆ ಹರಿಸುತ್ತಾರೆ. ಹಾಗಾಗಿ ಕ್ಯಾರಿಯರ್ ಕೂರಿಸಲು ಎರಡು ಕಿವಿ ವೆಲ್ಡ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಪ್ರೀತಿಯಿಂದ ಹೇಳಿದರೂ ಬೇಡ ಅನ್ನಿ.

ಈಗ ರ್ಯಾಲಿ ವಿಷಯಕ್ಕೆ ಬರೋಣ. ಮುಂದಿನ ಪೈಪಿನ ಮೇಲೆ ರ್ಯಾಲಿಯ ಲೋಹದ ಬಿಲ್ಲೆ ಇತ್ತು, ಅದನ್ನು ನೋಡಿದವರು ಯಾರೂ ಅನುಮಾನ ಪಡುವುದಿಲ್ಲ. ನಾನು ಪೆಡಲ್ ಆಕ್ಸಲ್ ಕೂರುವ ಭಾಗ ಬಿಚ್ಚಿ, ಅದರ ಬೇರಿಂಗ್ ಕೂರುವ ಬಟ್ಟಲುಗಳನ್ನು ತಗೊಂಡು ಒಂದು ಲೇತ್ ಅಂಗಡಿಗೆ ಹೋದೆ. ನಾಟಿಂಗ್‌ಹ್ಯಾಮಿನ ರ್ಯಾಲಿ ಕಾರ್ಖಾನೆ ತನ್ನದೇ ಆದ ಮರೆಯನ್ನು (ಥ್ರೆಡ್) ಬಳಸುತ್ತಿತ್ತು, ಇಂಚಿಗೆ 26 ಸುತ್ತು. ಉಳಿದ ಇಂಗ್ಲಿಷ್ ತಯಾರಕರದ್ದು ಇಂಚಿಗೆ 24. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಥ್ರೆಡ್ ಗೇಜಿನ 26ರ ಹಲ್ಲು ಇಟ್ಟರೆ ಎರಡು ಮೂರು ಮರೆಯವರೆಗೆ ಕೂತು, ಆಮೇಲೆ ಬೆಳಕು ಕಂಡಿತು. 24ರ ಹಲ್ಲು ಪೂರ್ತಿ ಮುಳುಗಿತು. ಭಾಗದ ಅಗಲವೂ 68 ಮಿಲಿಮೀಟರ್, ರ್ಯಾಲಿಯದ್ದು ಇದಕ್ಕಿಂತ ಅಗಲ.

ಇದಕ್ಕೂ ಒಂದು ತಕರಾರಿದೆ. ವರ್ಕ್‌ಸಾಪ್ ಊರಿನ ಕಾರ್ಲ್‌ಟನ್ ಕಂಪನಿಯನ್ನು ರ್ಯಾಲಿ 1960ರಲ್ಲಿ ಕೊಂಡಿತು. ಅಲ್ಲಿ ತಯಾರಾಗಿ ರ್ಯಾಲಿ ಹೆಸರಲ್ಲಿ ಮಾರಾಟವಾದ ರೇಸ್ ಸೈಕಲ್ಲುಗಳಿಗೂ 24ರ ಮರೆ ಇರುತ್ತದೆ. ಹಾಗಾಗಿ ಮರೆ ಒಂದರಿಂದಲೇ ತೀರ್ಪು ಕೊಡಲಾಗದು. ತೀರ್ಪು ಕೊಟ್ಟದ್ದು ಬಿಲ್ಲೆಯ ಅಡಿ. ಬಿಲ್ಲೆ ತೆಗೆದಾಗ ಅದರ ಎರಡು ರಿವೆಟ್ ತೂತುಗಳ ಜೊತೆಗೆ, ಬೇರೆ ಅಂತರದ ಇನ್ನೆರಡು ತೂತು ಪೇಂಟಿನಲ್ಲಿ ಮುಚ್ಚಿದ್ದವು. ಇನ್ಯಾವುದೋ ಬಿಲ್ಲೆ ಮೊದಲು ಅಲ್ಲಿತ್ತು. ಕಪ್ಪು ಪೇಂಟ್ ಕೂಡ ಎರಡನೇ ಸಲದ್ದು. ಫೋರ್ಕಿನ ಕತ್ತಿನ ಹತ್ತಿರ ಅದನ್ನು ನಿಧಾನ ಉಜ್ಜಿದಾಗ ಬೆಳ್ಳಿಯ ಮೇಲೆ ಪಾರದರ್ಶಕ ಹಸಿರು ಬಳಿದ ಹಳೇ ಬಣ್ಣ ಸಿಕ್ಕಿತು. ಬಿಸಿಲಿಗೆ ಹಿಡಿದರೆ ಒಳಗಿನಿಂದ ಹೊಳೆಯುತ್ತದೆ. ಒಳ್ಳೇ ಸೈಕಲ್ಲಿಗೆ ರ್ಯಾಲಿ ಬಿಲ್ಲೆ ಯಾಕೆ ಬಂತು? ನನ್ನ ಊಹೆ ಇದು: ನಮ್ಮ ಕಡೆ ಆಗ ಬೆಲೆ ಇದ್ದದ್ದು ರ್ಯಾಲಿ ಹೆಸರಿಗೆ. ಅಸನ್ಸೋಲಿನ ಸೆನ್-ರ್ಯಾಲಿ ಸೈಕಲ್ಲುಗಳಿಂದಾಗಿ ಆ ಹೆಸರು ಹಳ್ಳಿಹಳ್ಳಿಗೂ ಗೊತ್ತಿತ್ತು. ಇಂಗ್ಲೆಂಡಿನ ಯಾವುದೋ ಬೀದಿಯ ಸಣ್ಣ ಅಂಗಡಿಯ ಹೆಸರು ಇಲ್ಲಿ ಯಾರಿಗೆ ಬೇಕಿತ್ತು?

ಹಾಗಾದರೆ ಮಾಡಿದ್ದು ಯಾರು? ಲಗ್ಗುಗಳು ಫ್ರಾನ್ಸಿನ ನರ್ವೆಕ್ಸ್ ಪ್ರೊಫೆಷನಲ್, ಬಳ್ಳಿಯಂಥ ಕೆತ್ತನೆ. ಅವು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಆದರೆ ಅವನ್ನು ಬಳಸದವರೇ ಕಮ್ಮಿ, ಅಮೆರಿಕದ ಶ್ವಿನ್ ಪ್ಯಾರಾಮೌಂಟಿನಲ್ಲೂ ಇವೇ. ಹಿಂದಿನ ಪೈಪುಗಳು ಡೊಂಕಾಗಿದ್ದಿದ್ದರೆ ಇಂಗ್ಲೆಂಡಿನ ಹೆಚಿನ್ಸ್ ತಯಾರಿ ಅಂತ ದೂರದಿಂದಲೇ ಹೇಳಬಹುದಿತ್ತು. ನನ್ನದು ನೆಟ್ಟಗಿದೆ. ಕ್ರ್ಯಾಂಕು, ಅಂದರೆ ಪೆಡಲ್ ಹಿಡಿಯುವ ತೋಳು, ಬರ್ಮಿಂಗ್‌ಹ್ಯಾಮಿನ ವಿಲಿಯಮ್ಸ್ ಕಂಪನಿಯದ್ದು. ಅದರ ಹಿಂಬದಿ ಕೊರೆದ ಅಕ್ಷರವೇ ತಯಾರಾದ ವರ್ಷದ ಗುರುತು. ನನ್ನದು ಐವತ್ತರ ದಶಕದ ಮಧ್ಯಕ್ಕೆ ಬರುತ್ತದೆ. ಹಿಂದಿನ ಹಬ್ ಸ್ಟರ್ಮಿ-ಆರ್ಚರ್, ಮೂರು ಗೇರಿನ ಎಎಂ ಮಾದರಿ, ಮೇಲೆ 56 ಅಂತ ಒತ್ತಿದೆ. ಅದು 1956ರ ಹಬ್ ಎನ್ನುವುದಕ್ಕೆ ಇಷ್ಟು ಸಾಕು, ಫ್ರೇಮಿನ ವರ್ಷ ಅದರಿಂದ ಸಿಗುವುದಿಲ್ಲ. ಚಕ್ರ ಬದಲಾಗುತ್ತಿರುತ್ತದೆ ಅಲ್ವಾ? ಕೆಳಪೈಪಿನಲ್ಲಿ ಹಸಿರು ಬಣ್ಣದ ಮೇಲೆ ಗೇರ್ ಲಿವರಿನ ಪಟ್ಟಿ ಉಜ್ಜಿದ ಉಂಗುರವಿದೆ. ಮೊದಲು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಇತ್ತು, ಆಮೇಲೆ ಯಾರೋ ಹಬ್ ಗೇರ್ ಹಾಕಿಸಿದ್ದಾರೆ. ಮಣ್ಣು ರಸ್ತೆಗೆ ಅದೇ ಸರಿ.

ನಂಬರು ಸೀಟ್ ಲಗ್ಗಿನ ಮೇಲೂ ಫೋರ್ಕಿನ ಕಾಂಡದ ಮೇಲೂ ಇದೆ, ಎರಡೂ ಒಂದೇ. ಅಂದರೆ ಫೋರ್ಕ್ ಮೂಲದ್ದು. ನಾಲ್ಕೇ ಅಂಕೆ, ಒಂದರ ಪಕ್ಕ ಒಂದು ವಾರೆಯಾಗಿ, ಕೈಯಲ್ಲಿ ಸುತ್ತಿಗೆ ಹೊಡೆದು ಕೊರೆದದ್ದು. ಕ್ಲಾಡ್ ಬಟ್ಲರ್, ಹೋಲ್ಡ್ಸ್‌ವರ್ತ್, 1946ರಲ್ಲಿ ಡಾರ್ಬಿಯಲ್ಲಿ ಶುರುವಾದ ಮರ್ಸಿಯನ್, ಈ ಇಂಗ್ಲಿಷ್ ತಯಾರಕರ ಹಳೇ ಕ್ಯಾಟಲಾಗಿನ ಚಿತ್ರಗಳ ಪಕ್ಕ ನನ್ನ ಲಗ್ಗು, ಫೋರ್ಕಿನ ಭುಜ, ಹಿಂದಿನ ಪೈಪಿನ ತುದಿ ಕೂರುವ ರೀತಿ ಇಟ್ಟು ನೋಡಿದೆ. ಯಾವುದೂ ಪೂರ್ತಿ ಹೊಂದಲಿಲ್ಲ. ಹಾಗಾಗಿ ಯಾವ ಹೆಸರಿನ ಸ್ಟಿಕ್ಕರೂ ಅಂಟಿಸಿಲ್ಲ. ಗೊತ್ತಿಲ್ಲದ ಸೈಕಲ್ಲಿಗೆ ಗೊತ್ತಿರುವ ಹೆಸರು ಅಂಟಿಸುವ ಕೆಲಸ ಒಮ್ಮೆ ಆಗಿದೆ, ಸಾಕು.

ಉಳಿದ ರಿಪೇರಿ ಹೇಳುವಷ್ಟು ದೊಡ್ಡದಲ್ಲ. ತುಕ್ಕಿಗೆ ಆಕ್ಸಾಲಿಕ್ ಆಸಿಡ್, ಲೀಟರ್ ನೀರಿಗೆ ಇಪ್ಪತ್ತು ಮೂವತ್ತು ಗ್ರಾಂ. ಅದು ವಿಷ, ಗ್ಲೌಸ್ ಬೇಕೇ ಬೇಕು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆಯದಿದ್ದರೆ ಹಳದಿ ಪದರ ಕೂರುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಅದರಲ್ಲಿ ಮುಳುಗಿಸಬೇಡಿ. ಪೈಪುಗಳ ಒಳಗೆ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲಾ ಕಡೆ ತಿರುಗಿಸಿ, ಹೆಚ್ಚಿನದ್ದನ್ನು ಬಸಿದು, ಒಣಗಲು ಬಿಟ್ಟೆ. ನಮ್ಮ ಮಳೆಗಾಲಕ್ಕೆ ಒಳಗಿನ ಈ ಪದರ ಹೊರಗಿನ ಪೇಂಟಿಗಿಂತ ಮುಖ್ಯ. ಕ್ರ್ಯಾಂಕು ಬಿಗಿಯುವ ಕಾಟರ್ ಪಿನ್ನು, ಬೇರಿಂಗಿನ ಕಾಲಿಂಚಿನ ಬಾಲ್ಸು ಶಿವಮೊಗ್ಗದ ಸೈಕಲ್ ಅಂಗಡಿಯಲ್ಲೇ ಸಿಕ್ಕವು. ಹಬ್ಬಿನೊಳಗೆ ಗಟ್ಟಿಯಾಗಿದ್ದ ಹಳೇ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಹಾಕಿದೆ. ಮೂರೂ ಗೇರ್ ಟಿಕ್ ಟಿಕ್ ಅಂದವು.

ಕಾಡಿದ್ದು ಟೈರು. ರಿಮ್ಮು 27 ಇಂಚಿನದ್ದು, ಟೈರ್ ಕೂರುವ ವ್ಯಾಸ 630 ಮಿಲಿಮೀಟರ್. ಅಂಗಡಿಯವರು ಕೊಡುವ 28 ಇಂಚಿನ ಮಾಮೂಲಿ ಟೈರಿನದ್ದು 635. ಐದೇ ಮಿಲಿಮೀಟರ್ ತಾನೆ ಅಂತ ಹಾಕಿದರೆ ಗಾಳಿ ತುಂಬುವಾಗಲೇ ಕಿತ್ತು ಬರುತ್ತದೆ. ಈಗಿನ ರೋಡ್ ಬೈಕಿನ 622 ಹತ್ತುವುದೇ ಇಲ್ಲ. ಹೊರಗಿನಿಂದ ತರಿಸಲೇಬೇಕಾಯಿತು.

ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯವರೆಗೆ ಓಡಿಸಿದ್ದೇನೆ. ಡಾಂಬರು ಒರಟಾಗಿರುವ ಕಡೆ ತೆಳು ಫೋರ್ಕ್ ತಾನೇ ಬಳುಕಿ ಅಂಗೈಗೆ ನಡುಕ ಬಿಡುವುದಿಲ್ಲ, ಇದು ಮಾತ್ರ ಕೇಳಿದ್ದಕ್ಕಿಂತ ಜಾಸ್ತಿಯೇ ನಿಜ. ಮಳೆಯಲ್ಲೂ ಬ್ರೇಕ್ ಹಿಡಿಯುತ್ತದೆ, ಅಲ್ಯುಮಿನಿಯಂ ರಿಮ್ಮಿನ ಪುಣ್ಯ. ಏರಿನಲ್ಲಿ ಕಷ್ಟ. ಮುಂದೆ 46 ಹಲ್ಲು, ಹಿಂದೆ 18. ಅತಿ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತಿಗೆ 4.7 ಮೀಟರಿಗೂ ಜಾಸ್ತಿ ಮುಂದೆ ಹೋಗಬೇಕು. ಹಿಂದೆ 20 ಹಲ್ಲಿನದ್ದು ಹಾಕಿದ ಮೇಲೆ ಅದು 4.3 ಆಯಿತು. ತೀರ್ಥಹಳ್ಳಿ ರಸ್ತೆಗೆ ಇಷ್ಟು ಸಾಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿಗೆ ಸಾಲದು, ಅಲ್ಲಿ ಇಳಿದು ತಳ್ಳುವುದೇ.