ಬೆಲ್ಲಿ ಡ್ಯಾನ್ಸ್ ಪ್ರೋಗ್ರಾಂ ಒಪ್ಪಿಕೊಳ್ಳುವ ಮುಂಚೆ

ಮೊದಲ ಫೋನ್ ಕಾಲ್‌ನಲ್ಲೇ ಅರ್ಧ ಗೊತ್ತಾಗುತ್ತದೆ. "ಮೇಡಂ, ರಿಸೆಪ್ಷನ್‌ಗೆ ಹದಿನೈದು ನಿಮಿಷ ಡ್ಯಾನ್ಸ್ ಬೇಕು" ಎಂದು ಶುರು ಮಾಡುವವರು ಒಂಥರಾ. "ಡ್ರೆಸ್ ಹೇಗಿರುತ್ತೆ, ಫೋಟೋ ಕಳಿಸಿ" ಎನ್ನುವವರು ಇನ್ನೊಂಥರಾ. ಎರಡನೆಯವರ ಮೇಲೆ ತಕ್ಷಣ ರೇಗಬೇಡಿ. ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ, ಸಿನಿಮಾದ ಐಟಂ ಸಾಂಗ್ ನೋಡಿ ಇದೂ ಅದೇ ಅಂದುಕೊಂಡಿರುತ್ತಾರೆ. ನಾನು ತಿರುಗಿ ಪ್ರಶ್ನೆ ಕೇಳುತ್ತೇನೆ. ಯಾರ ಫಂಕ್ಷನ್? ಹೆಂಗಸರು, ಮಕ್ಕಳು ಇರುತ್ತಾರಾ? ಸ್ಟೇಜ್ ಎಷ್ಟು ಅಡಿ? ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕುವ ರೂಮ್ ಇದೆಯಾ? ನೆಟ್ಟಗೆ ಉತ್ತರ ಬಂದರೆ ಮುಂದಿನ ಮಾತು. ಹಾರಿಕೆ ಉತ್ತರ ಬಂದರೆ, ದುಡ್ಡು ಎಷ್ಟೇ ಜಾಸ್ತಿ ಇರಲಿ, ಬೇಡ.

ಇನ್ನು ಮನೆಯವರು, ನೆಂಟರು. "ಅದೇ ಹೊಟ್ಟೆ ಕುಣಿಸೋದಾ?" ಅಂತ ಕೇಳೇ ಕೇಳುತ್ತಾರೆ. ಉದ್ದ ಭಾಷಣ ಬೇಡ. ಈಜಿಪ್ಟಿನಲ್ಲಿ ಇದಕ್ಕೆ ರಕ್ಸ್ ಶರ್ಕಿ ಅಂತಾರೆ, ಪೂರ್ವದ ನೃತ್ಯ ಅಂತ ಅರ್ಥ. ಹೊಟ್ಟೆಯ ಹೆಸರು ಅಂಟಿಸಿದವರು ಫ್ರೆಂಚರು, 1893ರ ಷಿಕಾಗೋ ಜಾಗತಿಕ ಮೇಳದ ನಂತರ ಅದು ಅಮೆರಿಕದಲ್ಲೂ ಹಬ್ಬಿತು. ಕೈರೋದ ಮದುವೆ ಮೆರವಣಿಗೆಯಲ್ಲಿ ತಲೆ ಮೇಲೆ ಉರಿಯುವ ಮೇಣದಬತ್ತಿಗಳ ದೊಡ್ಡ ದೀಪಗೊಂಚಲು ಹೊತ್ತು ವಧೂವರರ ಮುಂದೆ ಕುಣಿಯುವ ಪದ್ಧತಿಯೂ ಉಂಟು. ಇಷ್ಟು ಹೇಳಿದರೆ ಸಾಕು.

ಒಂದು ಮಾತ್ರ ಮಾಡಬೇಡಿ. ಗೌರವ ಸಿಗಲಿ ಅಂತ "ಇದು ಸಾವಿರಾರು ವರ್ಷದ ದೇವಸ್ಥಾನದ ನೃತ್ಯ" ಅಂತ ಕಥೆ ಕಟ್ಟುವವರಿದ್ದಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ಅದರ ಅಗತ್ಯವೂ ಇಲ್ಲ. ಈಜಿಪ್ಟಿನಲ್ಲೇ ಕುಣಿಯುವವರ ಪಾಡು ಸುಲಭದ್ದಲ್ಲ. 1834ರಲ್ಲಿ ಅಲ್ಲಿನ ದೊರೆ ಮುಹಮ್ಮದ್ ಅಲಿ, ಬೀದಿಯಲ್ಲಿ ಕುಣಿಯುತ್ತಿದ್ದ ಹೆಂಗಸರನ್ನು ಕೈರೋದಿಂದಲೇ ಹೊರಗೆ ಹಾಕಿದ್ದ. ಇವತ್ತಿಗೂ ತಮ್ಮ ಮದುವೆಗೆ ಡ್ಯಾನ್ಸರ್ ಬೇಕು, ಡ್ಯಾನ್ಸರ್ ಮನೆಗೆ ಸೊಸೆಯಾಗಿ ಬೇಡ ಅನ್ನುವವರು ಅಲ್ಲಿದ್ದಾರೆ. ನಮ್ಮಲ್ಲೂ ಸದಿರ್, ಅಂದರೆ ಇವತ್ತಿನ ಭರತನಾಟ್ಯಕ್ಕೆ ಮೂಲವಾದ ದೇವದಾಸಿಯರ ನೃತ್ಯ, ಕುಣಿಯುತ್ತಿದ್ದವರನ್ನು ಜನ ಹೇಗೆ ನೋಡಿದರು ಅನ್ನುವುದು ಹಿರಿಯರಿಗೆ ಗೊತ್ತು. ಆದರೆ ಅದೇ ಪರಂಪರೆಯಿಂದ ಬಂದು ಮೈಸೂರು ಅರಮನೆಯಲ್ಲಿ ಕುಣಿಯುತ್ತಿದ್ದ ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ಈ ಮಾತು ಹೇಳಿದಾಗ ನಮ್ಮ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಾದರು.

ಆದರೆ ಅವರ ಮನಸ್ಸು ನಿಜವಾಗಿ ಬದಲಾಗಿದ್ದು ಮಾತಿನಿಂದಲ್ಲ. ಒಂದಿನ ಅಡುಗೆಮನೆಯಲ್ಲೇ ಅವರನ್ನು ನಿಲ್ಲಿಸಿದೆ. ಮಂಡಿ ಸ್ವಲ್ಪ ಸಡಿಲ, ಒಂದು ಕಾಲಿನ ಹಿಮ್ಮಡಿ ಎತ್ತಿ, ಹೆಗಲು ಅಲ್ಲಾಡದ ಹಾಗೆ ಆ ಕಡೆಯ ಸೊಂಟ ಮಾತ್ರ ಕೆಳಗೆ ಬೀಳಬೇಕು, ಅದೂ ತಾಳಕ್ಕೆ ಸರಿಯಾಗಿ. ಡಬ್ಬದ ಮುಚ್ಚಳದ ಮೇಲೆ ಮಕ್ಸೂಮ್ ತಾಳ ಬಾರಿಸಿದೆ: ದುಮ್ ತಕ್, ತಕ್ ದುಮ್, ತಕ್. ನಾಲ್ಕು ಸಲ ಪ್ರಯತ್ನಪಟ್ಟು, ಪ್ರತಿ ಸಲವೂ ಹೆಗಲು ಜೊತೆಗೇ ಬಿದ್ದು, ಕೊನೆಗೆ "ಇದು ಸುಲಭ ಇಲ್ಲ ಕಣೇ" ಅಂದರು. ನಿಮ್ಮ ಮನೆಯಲ್ಲೂ ಮಾಡಿ ನೋಡಿ.

ಈಗ ಪ್ರೋಗ್ರಾಂ ದಿನ. ಮೇಲೊಂದು ಉದ್ದನೆಯ ಗೌನ್ ಇರಲೇಬೇಕು, ಕತ್ತಿನಿಂದ ಪಾದದವರೆಗೆ. ಸ್ಟೇಜ್ ಪಕ್ಕದವರೆಗೂ ಅದು ಮೈಮೇಲಿರಲಿ, ಇಳಿದ ತಕ್ಷಣ ಮತ್ತೆ ಹಾಕಿಕೊಳ್ಳಿ. ಕಾಸ್ಟ್ಯೂಮ್ ಇರುವುದು ಡ್ಯಾನ್ಸಿಗೆ, ಪಾರ್ಕಿಂಗ್ ಜಾಗದಲ್ಲಿ ಓಡಾಡುವುದಕ್ಕಲ್ಲ. ಇದೊಂದು ಅಭ್ಯಾಸದಿಂದ ಜನ ಮಾತಾಡಿಸುವ ರೀತಿಯೇ ಬೇರೆಯಾಗುತ್ತದೆ, ನನಗೆ ಮೊದಲ ವರ್ಷದಲ್ಲೇ ಅನುಭವ ಆಯಿತು.

ನೋಟಿನ ವಿಷಯ. ಕುಣಿಯುವವರ ಮೇಲೆ ದುಡ್ಡು ಎರಚುವುದು ಈಜಿಪ್ಟಿನ ಮದುವೆಗಳಲ್ಲಿ ಹಳೇ ಪದ್ಧತಿ. ನಾನು ಒಪ್ಪುವುದಿಲ್ಲ. ಶುರುವಿನಲ್ಲಿ ಇದನ್ನು ಬರೆದು ಕೊಡುತ್ತಿರಲಿಲ್ಲ. ಒಂದು ರಿಸೆಪ್ಷನ್‌ನಲ್ಲಿ ಮದುಮಗನ ಸ್ನೇಹಿತ ಐನೂರರ ನೋಟು ಹಿಡಿದು ಸ್ಟೇಜ್ ಹತ್ತಿ ಬಂದ. ಕೈಯಲ್ಲಿದ್ದ ವೇಲ್ ಅಡ್ಡ ಹಿಡಿದು ಹಿಂದೆ ಸರಿದೆ, ಡಿಜೆ ಕಡೆ ಕೈ ಮಾಡಿದೆ, ಆತ ಮೊಬೈಲ್ ನೋಡುತ್ತಿದ್ದ, ಹಾಡು ನಿಲ್ಲಲೇ ಇಲ್ಲ. ಅವತ್ತಿನಿಂದ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ: ಮೈ ಮುಟ್ಟುವಂತಿಲ್ಲ, ನೋಟು ಸಿಕ್ಕಿಸುವಂತಿಲ್ಲ, ಹಾಗೆ ಆದರೆ ಡ್ಯಾನ್ಸ್ ಅಲ್ಲಿಗೇ ನಿಲ್ಲುತ್ತದೆ, ಪೇಮೆಂಟ್ ಪೂರ್ತಿ ಕೊಡಬೇಕು. "ಓಕೆ" ಅಂತ ಉತ್ತರ ಬರದೆ ಡೇಟ್ ಕೊಡುವುದಿಲ್ಲ. ಡಿಜೆ ಪಕ್ಕದಲ್ಲಿ ನನ್ನ ಕಡೆಯವರೊಬ್ಬರು ಇರುತ್ತಾರೆ, ಕೈ ಎತ್ತಿದರೆ ಹಾಡು ನಿಲ್ಲಿಸುವುದೇ ಅವರ ಕೆಲಸ.

ರೇಟ್ ಬಗ್ಗೆ ಇಷ್ಟೇ: ಇನ್ನೊಬ್ಬಳ ಪ್ರೋಗ್ರಾಂ ಕಿತ್ತುಕೊಳ್ಳಲು ರೇಟ್ ಇಳಿಸಬೇಡಿ. ಬಾಕಿ ದುಡ್ಡು ಮೇಕಪ್ ಶುರು ಮಾಡುವ ಮುಂಚೆಯೇ ಬಂದಿರಲಿ, ರಾತ್ರಿ ಹನ್ನೊಂದಕ್ಕೆ ಆರ್ಗನೈಸರ್ ಫೋನ್ ಎತ್ತುವುದಿಲ್ಲ. ಪ್ರೋಗ್ರಾಂ ಮುಗಿದ ಮೇಲೆ ಗೆಸ್ಟ್‌ಗಳ ಟೇಬಲ್ಲಿಗೆ ಕರೆದರೆ ನಕ್ಕು ಬೇಡ ಅನ್ನಿ. ಮಕ್ಕಳು ಸೆಲ್ಫಿ ಕೇಳಿದರೆ ಗೌನ್ ಹಾಕಿಕೊಂಡು ಖುಷಿಯಾಗಿ ನಿಲ್ಲಿ. ಊಟ ರೂಮಿಗೇ ತರಿಸಿಕೊಳ್ಳಿ. ಕ್ಯಾಬ್ ಗೇಟಿಗೆ ಬಂದ ಮೇಲೆ ಚಿಲಕ ತೆಗೆಯಿರಿ.