ವಾರ್ಫರಿನ್ ಮಾತ್ರೆ ಶುರುವಾಗಿದೆಯಾ? ಇಷ್ಟು ತಿಳ್ಕೊಳ್ಳಿ

ಅಮ್ಮನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ದಾವಣಗೆರೆಯ ಡಾಕ್ಟರು ವಾರ್ಫರಿನ್ ಬರೆದುಕೊಟ್ಟರು. ಎಲ್ಲರೂ ಇದನ್ನು ರಕ್ತ ತೆಳು ಮಾಡೋ ಮಾತ್ರೆ ಅಂತಾರೆ, ಆದರೆ ರಕ್ತವೇನೂ ನೀರಾಗೋದಿಲ್ಲ. ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ, ಆ ವಿಟಮಿನ್ ಮತ್ತೆ ಬಳಕೆಗೆ ಬರದಂತೆ ಈ ಮಾತ್ರೆ ತಡೆಯುತ್ತದೆ. ಹಳೇ ಪ್ರೋಟೀನು ಖಾಲಿಯಾಗಬೇಕಲ್ವಾ, ಅದಕ್ಕೇ ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು.

ದಿನಾ ಒಂದೇ ಹೊತ್ತಿಗೆ ನುಂಗಿ. ಸ್ಟ್ರಿಪ್ ಮೇಲೆ ಎಷ್ಟು ಮಿಲಿಗ್ರಾಂ ಅಂತ ಪ್ರತಿ ಸಲ ಓದಿ. ಮರೆತರೆ ಮರುದಿನ ಎರಡು ನುಂಗಬೇಡಿ.

ಐಎನ್‌ಆರ್ ಟೆಸ್ಟ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡೋ ರಕ್ತಪರೀಕ್ಷೆ, ತಪ್ಪಿಸಲೇಬೇಡಿ. ಕಾಲಿನ ಹೆಪ್ಪಿಗೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಕಡಿಮೆಯಾದರೆ ಮತ್ತೆ ಹೆಪ್ಪುಗಟ್ಟಬಹುದು, ಜಾಸ್ತಿಯಾದರೆ ರಕ್ತಸ್ರಾವದ ಭಯ.

ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಮಾತ್ರೆಯ ಪರಿಣಾಮ ತಗ್ಗಿಸುತ್ತದೆ. ಈ ವಿಷಯದಲ್ಲಿ ನಾವೇ ತಪ್ಪು ಮಾಡಿದ್ವಿ. ಯಾರೋ ಹೇಳಿದರು ಅಂತ ಅಮ್ಮ ಸೊಪ್ಪು ಪೂರ್ತಿ ಬಿಟ್ಟರು, ಆಮೇಲೆ ಹಬ್ಬದ ವಾರ ಮೂರು ದಿನ ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ ಅಂತ ಊಟ ಮಾಡಿದರು, ಐಎನ್‌ಆರ್ 1.4ಕ್ಕೆ ಇಳಿಯಿತು. ಸೊಪ್ಪು ತಿನ್ನಿ, ಆದರೆ ವಾರವಾರವೂ ಹೆಚ್ಚುಕಮ್ಮಿ ಅಷ್ಟೇ ಇರಲಿ.

ಮಂಡಿನೋವು ಅಂತ ಮೆಡಿಕಲ್‌ನಿಂದ ಐಬುಪ್ರೊಫೆನ್ ಸುಮ್ನೆ ತಂದು ನುಂಗಬೇಡಿ. ಆಂಟಿಬಯೋಟಿಕ್ ಕೊಟ್ಟರೂ ವಾರ್ಫರಿನ್ ವಿಷಯ ಮೊದಲೇ ಹೇಳಿ. ಮಲ ಕಪ್ಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.