ಚಾಕ್ಲೇಟಿಗೆ ಹೆದರಿದೆ, ಕಾರನ್ನು ಮರೆತೆ

ಶಿಕಾಗೋ ಪಕ್ಕದ ಈ ಊರಿಗೆ ಬಂದ ಮೊದಲ ವರ್ಷ, ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಚಾಕ್ಲೇಟ್ ಇಸ್ಕೊಂಡು ಬರುವ ಹ್ಯಾಲೋವೀನ್ ಹಬ್ಬ ಅಂದರೆ ನನಗೆ ಇದ್ದದ್ದು ಒಂದೇ ಭಯ. ಗುರುತಿಲ್ಲದವರು ಕೊಡುವ ಚಾಕ್ಲೇಟಿನಲ್ಲಿ ಏನಾದರೂ ಬೆರೆಸಿದ್ದರೆ? ಅಕ್ಟೋಬರ್ 31ರ ರಾತ್ರಿ ಮಗ ತಂದ ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದೆ.

ಇಷ್ಟು ಹುಷಾರಿನ ನಾನೇ, ಅವತ್ತು ಸಂಜೆ ಐದು ವರ್ಷದ ಹುಡುಗನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹಾಕಿ ಕತ್ತಲಲ್ಲಿ ಓಡಾಡಿಸಿದ್ದೆ. ಬ್ಯಾಟ್‌ಮ್ಯಾನ್ ವೇಷ. ಒಂದು ಮನೆಯ ಡ್ರೈವ್‌ವೇಯಿಂದ ಕಾರು ಹಿಂದಕ್ಕೆ ಬರುತ್ತಿತ್ತು. ಮುಖವಾಡದ ತೂತಿನಲ್ಲಿ ಇವನಿಗೆ ಪಕ್ಕದ್ದು ಕಾಣಲಿಲ್ಲ, ಕಾರಿನವರಿಗೆ ಇವನು ಕಾಣಲಿಲ್ಲ. ನಮ್ಮ ಯಜಮಾನರು ಬೆನ್ನಿನ ಬಟ್ಟೆ ಹಿಡಿದು ಎಳೆದರು. ಅಷ್ಟೇ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಓದಿದಾಗ ನನ್ನ ಭಯ ಎಷ್ಟು ತಲೆಕೆಳಗಾಗಿತ್ತು ಅಂತ ಗೊತ್ತಾಯಿತು. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಈ ವಿಷದ ಚಾಕ್ಲೇಟಿನ ಕಥೆಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿದವರು. ಹೀಗೆ ಅಪರಿಚಿತರು ಕೊಟ್ಟ ತಿಂಡಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ಒಂದು ಮಗು ಸತ್ತಿದ್ದು ನಿಜ, ಆದರೆ ವಿಷ ಹಾಕಿದ್ದು ಹೆತ್ತ ಅಪ್ಪನೇ. ಕಾರಿನ ಲೆಕ್ಕ ಬೇರೆ. 1975ರಿಂದ 2016ರವರೆಗಿನ ಅಮೆರಿಕದ ಅಪಘಾತಗಳನ್ನು ನೋಡಿದ ಒಂದು ಅಧ್ಯಯನದ ಪ್ರಕಾರ, ಒಂದು ವಾರ ಹಿಂದಿನ ಮತ್ತು ಮುಂದಿನ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ನಡೆದು ಹೋಗುವವರು ಕಾರಿಗೆ ಸಿಕ್ಕಿ ಸಾಯುವ ಅಪಾಯ ಶೇ. 43ರಷ್ಟು ಜಾಸ್ತಿ. ಅದರಲ್ಲೂ 4ರಿಂದ 8 ವರ್ಷದ ಮಕ್ಕಳಿಗೆ. ನನ್ನ ಮಗನದ್ದೇ ವಯಸ್ಸು!

ಮುಂದಿನ ವರ್ಷ ಮುಖವಾಡ ಹೋಯಿತು, ಮುಖಕ್ಕೆ ಬಣ್ಣ ಬಂತು. ಎರಡು ದಿನ ಮೊದಲೇ ಕೈಗೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತಾ ಅಂತ ನೋಡಿದೆ. ವೇಷದ ಬೆನ್ನಿಗೂ ಚೀಲಕ್ಕೂ ಬೆಳಕು ಬಿದ್ದರೆ ಹೊಳೆಯುವ ಟೇಪ್ ಅಂಟಿಸಿದೆ. "ಬ್ಯಾಟ್‌ಮ್ಯಾನ್ ಹೊಳೆಯಲ್ಲ ಅಮ್ಮ" ಅಂತ ಅತ್ತ. ಕುತ್ತಿಗೆಗೆ ಕತ್ತಲಲ್ಲಿ ಹೊಳೆಯುವ ಗ್ಲೋ ಸ್ಟಿಕ್ ಹಾಕಿದ ಮೇಲೆ ಸುಮ್ಮನಾದ. ವೇಷವನ್ನು ಎರಡು ಸೈಜ್ ದೊಡ್ಡದು ಕೊಂಡು, ಕಾಲಿಗೆ ಸಿಗದಂತೆ ಕೆಳಗೆ ಮಡಚಿ ಹೊಲಿದೆ. ಒಳಗೆ ಜಾಕೆಟ್ ಹಿಡಿಯಬೇಕಲ್ವಾ? 2019ರಲ್ಲಂತೂ ಇಲ್ಲಿ ಹ್ಯಾಲೋವೀನ್ ದಿನವೇ ಹಿಮ ಬಿದ್ದಿತ್ತು.

ಇಲ್ಲಿ ಆಗ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತದೆ. ಹಾಗಾಗಿ ನಾವು ನಾಲ್ಕೂವರೆಗೇ ಹೊರಡುತ್ತೇವೆ. ರಸ್ತೆಯ ಒಂದು ಬದಿ ಪೂರ್ತಿ ಮುಗಿಸಿ, ಮೂಲೆಯಲ್ಲಿ ದಾಟಿ, ಇನ್ನೊಂದು ಬದಿಯಲ್ಲಿ ವಾಪಸ್. ಮಕ್ಕಳು ಅಡ್ಡಾದಿಡ್ಡಿ ಓಡುವುದು ಇದರಿಂದಲೇ ಅರ್ಧ ನಿಂತಿತು. ವರಾಂಡದ ದೀಪ ಆರಿದ್ದರೆ ಅಲ್ಲಿ ಚಾಕ್ಲೇಟ್ ಕೊಡುವುದಿಲ್ಲ ಅಂತ ಅರ್ಥ, ಆ ಮನೆಗೆ ಹೋಗುವಂತಿಲ್ಲ. ಯಾರು ಕರೆದರೂ ಹೊಸ್ತಿಲು ದಾಟುವಂತಿಲ್ಲ.

ಮಗಳಿಗೆ ಕಡಲೇಕಾಯಿ ಅಲರ್ಜಿ. ಆದ್ದರಿಂದ ಚೀಲ ಸುರಿಯುವ ಕೆಲಸ ನಿಂತಿಲ್ಲ, ಹುಡುಕುವುದು ಮಾತ್ರ ಬೇರೆ. ಕಡಲೇಕಾಯಿ ಇರುವ ಸ್ನಿಕರ್ಸ್, ರೀಸಸ್ ಮೊದಲು ಹೊರಗೆ. ಚಿಕ್ಕ ಪೊಟ್ಟಣಗಳಲ್ಲಿ ಎಷ್ಟೋ ಸಲ ಏನೇನು ಹಾಕಿದ್ದಾರೆ ಅಂತ ಬರೆದಿರುವುದಿಲ್ಲ. ಅಂಥವೂ ಹೊರಗೆ. ಕೆಲವರು ಬಾಗಿಲಲ್ಲಿ ಹಸಿರು ನೀಲಿ ಬಣ್ಣದ ಕುಂಬಳಕಾಯಿ ಇಡುತ್ತಾರೆ. ತಿಂಡಿ ಬದಲು ಪೆನ್ಸಿಲ್, ಸ್ಟಿಕ್ಕರ್ ಸಿಗುತ್ತೆ ಅಂತ ಅದರ ಅರ್ಥ. ಅವಳು ಅಂಥ ಮನೆಗೆ ಓಡುವುದನ್ನು ನೋಡಬೇಕು. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಇರುವುದನ್ನೂ ತೆಗೆಯುತ್ತೇನೆ. ಅದು ಅಲರ್ಜಿಯಲ್ಲ, ನಮ್ಮದು ಸಸ್ಯಾಹಾರದ ಮನೆ.

ಹೋದ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದರು. "ಸಂಕ್ರಾಂತಿಗೆ ನಾವು ಎಳ್ಳು ಕೊಟ್ಟು ಬರ್ತೀವಿ, ಇವರು ಇಸ್ಕೊಂಡು ಬರ್ತಾರಲ್ಲೇ" ಅಂತ ನಕ್ಕರು. ನಾವು ಮಕ್ಕಳ ಹಿಂದೆ ಹೊರಟೆವು. ಅವರು ಶಾಲು ಹೊದ್ದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ವಾಪಸ್ ಬರುವಷ್ಟರಲ್ಲಿ ಚಾಕ್ಲೇಟ್ ಬುಟ್ಟಿ ಖಾಲಿ. ಬಂದ ಮಕ್ಕಳಿಗೆಲ್ಲ ಎರಡೆರಡು ಹಿಡಿ ಕೊಟ್ಟಿದ್ದರಂತೆ. ಏಳು ಗಂಟೆಗೇ ನಮ್ಮ ಮನೆಯ ದೀಪ ಆರಿಸಬೇಕಾಯಿತು.